ಗುಂಡು ಎರಡು, ಎಚ್ಚರ ಒಂದೇ: ಎಆರ್-15 ರೈಫಲ್, ಕ್ರಾಫ್ಟ್ ಬಿಯರ್ ಬಗೆಗಿನ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ಕನ್ನಡದಲ್ಲಿ ಗುಂಡು ಅಂದರೆ ಬಂದೂಕಿನಿಂದ ಹಾರುವುದೂ ಹೌದು, ಗ್ಲಾಸಿಗೆ ಬೀಳುವುದೂ ಹೌದು. ಅಮೆರಿಕದಲ್ಲಿ ಈ ಎರಡೂ ಗುಂಡುಗಳ ಮೇಲೆ ಕಣ್ಣಿಡಲು ಬಹಳ ಕಾಲ ಒಂದೇ ಕೇಂದ್ರ ಇಲಾಖೆ ಇತ್ತು. ಅದರ ಹೆಸರು ಎಟಿಎಫ್. ಆಲ್ಕೋಹಾಲ್, ಟೊಬ್ಯಾಕೊ, ಫೈರ್‌ಆರ್ಮ್ಸ್ ಎಂಬ ಪದಗಳ ಮೊದಲಕ್ಷರ ಸೇರಿ ಆದ ಹೆಸರು ಅದು. ಮೂರಕ್ಕೂ ತೆರಿಗೆ ಇದ್ದದ್ದರಿಂದ ಹಣಕಾಸು ಇಲಾಖೆ ಇವನ್ನು ಒಟ್ಟಿಗೆ ನೋಡಿಕೊಳ್ಳುತ್ತಿತ್ತು. 2003ರಲ್ಲಿ ಬಂದೂಕಿನ ಕೆಲಸ ನ್ಯಾಯ ಇಲಾಖೆಗೆ ಹೋಯಿತು, ಮದ್ಯದ ತೆರಿಗೆ ಹಣಕಾಸು ಇಲಾಖೆಯಲ್ಲೇ ಉಳಿಯಿತು.

ಅಲ್ಲಿನ ಹವ್ಯಾಸಿಗಳ ಗ್ಯಾರೇಜಿನಲ್ಲೂ ಇವೆರಡು ಅಕ್ಕಪಕ್ಕ ಕಾಣುತ್ತವೆ. ಒಂದು ಮೂಲೆಯಲ್ಲಿ ಬಿಡಿಭಾಗ ತರಿಸಿ ಜೋಡಿಸುವ ರೈಫಲ್, ಇನ್ನೊಂದು ಮೂಲೆಯಲ್ಲಿ ಮನೆಯಲ್ಲೇ ಹುದುಗಿಸುವ ಬಿಯರ್. ಅಲ್ಲಿಂದ ಹೊರಡುವ ವಿಡಿಯೊಗಳು ನಮ್ಮ ವಾಟ್ಸಾಪ್ ಗುಂಪುಗಳಿಗೂ ಬರುತ್ತವೆ. ಜತೆಗೆ ಒಂದಿಷ್ಟು ಮಾತುಗಳೂ ಬರುತ್ತವೆ: ಎಆರ್ ಅಂದರೆ ಅಸಾಲ್ಟ್ ರೈಫಲ್, ಅಮೆರಿಕದಲ್ಲಿ ಯಾರು ಬೇಕಾದರೂ ಬಂದೂಕು ಮಾಡಿಕೊಳ್ಳಬಹುದು, ಬಿಯರ್ ಮದ್ಯದ ಲೆಕ್ಕಕ್ಕೇ ಬರುವುದಿಲ್ಲ, ಕಪ್ಪು ಬಿಯರ್ ಸ್ಟ್ರಾಂಗ್. ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ನಿಜ. ಬಂದೂಕಿನ ವಿಷಯದಲ್ಲಿ ಅರ್ಧ ನಿಜ ಎಷ್ಟು ದುಬಾರಿ ಆಗಬಲ್ಲದು ಎಂಬುದಕ್ಕೆ ಇತಿಹಾಸದಲ್ಲೇ ಉದಾಹರಣೆ ಇದೆ. ಒಂದೊಂದಾಗಿ ನೋಡೋಣ.

ಎಆರ್ ಅಂದರೆ ಅಸಾಲ್ಟ್ ರೈಫಲ್ ಹೌದೇ?

ಅಲ್ಲ. ಎಆರ್ ಎಂಬುದು ಆರ್ಮಲೈಟ್ ಎಂಬ ಕಂಪನಿಯ ಹೆಸರಿನಿಂದ ಬಂದದ್ದು. 1954ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಈ ಕಂಪನಿ ಫೇರ್‌ಚೈಲ್ಡ್ ಎಂಬ ವಿಮಾನ ಕಂಪನಿಯ ಒಂದು ವಿಭಾಗವಾಗಿತ್ತು. ಹಾಗಾಗಿ ಬಂದೂಕಿಗೆ ಮರ, ಉಕ್ಕಿನ ಬದಲು ಅಲ್ಯೂಮಿನಿಯಂ, ಪ್ಲಾಸ್ಟಿಕ್ ಬಳಸುವ ಯೋಚನೆ ಅವರಿಗೆ ಬಂತು. ಅಲ್ಲಿನ ಎಂಜಿನಿಯರ್ ಯೂಜೀನ್ ಸ್ಟೋನರ್ ಮೊದಲು ಎಆರ್-10 ವಿನ್ಯಾಸ ಮಾಡಿದರು. ಅದನ್ನೇ ಚಿಕ್ಕದು ಮಾಡಿದಾಗ ಎಆರ್-15 ಆಯಿತು. 1959ರಲ್ಲಿ ಇದರ ಹಕ್ಕನ್ನು ಕೋಲ್ಟ್ ಕಂಪನಿ ಕೊಂಡಿತು. ಸೇನೆಗೆ ಹೋದ ರೂಪ ಎಂ16. ನಾಗರಿಕರಿಗೆ ಮಾರಿದ ರೂಪ ಎಆರ್-15.

ಹಾಗೆಂದು ಎಆರ್-15 ಅಪಾಯವಿಲ್ಲದ ಆಟದ ಸಾಮಾನು ಎಂಬ ಎದುರು ವಾದವೂ ಸರಿಯಲ್ಲ. ಇದರ ಗುಂಡು ಚಿಕ್ಕದಾದರೂ ಸೆಕೆಂಡಿಗೆ 900 ಮೀಟರ್ ಆಸುಪಾಸಿನ ವೇಗದಲ್ಲಿ ಹೋಗುತ್ತದೆ. ಸಾಮಾನ್ಯ ಪಿಸ್ತೂಲಿನ ಗುಂಡಿನ ವೇಗಕ್ಕೆ ಹೋಲಿಸಿದರೆ ಇದು ಎರಡು ಪಟ್ಟಿಗೂ ಹೆಚ್ಚು. ದೇಹಕ್ಕೆ ಆಗುವ ಗಾಯವೂ ಅದಕ್ಕೆ ತಕ್ಕಂತೆ ಭೀಕರ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನರನ್ನು ಕೊಂದದ್ದರಲ್ಲಿ ಇಂಥ ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳಿದ್ದವು. ಒಂದು ತಿಂಗಳೊಳಗೆ ಆ ದೇಶದ ಸಂಸತ್ತು ಬಹುತೇಕ ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳನ್ನು ನಿಷೇಧಿಸಿತು.

ಸೆಮಿ ಆಟೋಮ್ಯಾಟಿಕ್ ಅಂದರೆ ಏನು?

ಸರಳವಾಗಿ ಹೇಳುವುದಾದರೆ, ಒಂದು ಸಲ ಟ್ರಿಗರ್ ಎಳೆದರೆ ಒಂದೇ ಗುಂಡು. ಮುಂದಿನ ಗುಂಡನ್ನು ಜಾಗಕ್ಕೆ ತರುವ ಕೆಲಸವನ್ನು ಮಾತ್ರ ಯಂತ್ರವೇ ಮಾಡಿಕೊಳ್ಳುತ್ತದೆ. ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರುತ್ತಲೇ ಇದ್ದರೆ ಅದು ಪೂರ್ತಿ ಆಟೋಮ್ಯಾಟಿಕ್, ಅಂದರೆ ಮಷಿನ್ ಗನ್.

ಅಮೆರಿಕದ ಅಂಗಡಿಯಲ್ಲಿ ಮಷಿನ್ ಗನ್ ಸಲೀಸಾಗಿ ಸಿಗುತ್ತದೆ ಎಂಬ ಮಾತೂ ತಪ್ಪು. 1934ರ ಕಾನೂನು ಅದಕ್ಕೆ ನೋಂದಣಿ, ತೆರಿಗೆ ಕಡ್ಡಾಯ ಮಾಡಿತು. 1986ರ ಮೇ ತಿಂಗಳ ನಂತರ ತಯಾರಾದ ಮಷಿನ್ ಗನ್ ಅನ್ನು ಸಾಮಾನ್ಯ ನಾಗರಿಕರು ಇಟ್ಟುಕೊಳ್ಳುವಂತೆಯೇ ಇಲ್ಲ.

ಸೆಮಿ ಆಟೋಮ್ಯಾಟಿಕ್ ಒಳಗೆ ನಡೆಯುವುದು ಇಷ್ಟು. ಮ್ಯಾಗಜೀನಿನ ಸ್ಪ್ರಿಂಗ್ ಒಂದು ತೋಟಾವನ್ನು ಮೇಲಕ್ಕೆ ತಳ್ಳುತ್ತದೆ. ಬೋಲ್ಟ್ ಅದನ್ನು ನಳಿಗೆಯ ಹಿಂತುದಿಗೆ ನೂಕಿ ಬೀಗ ಹಾಕಿದಂತೆ ಬಿಗಿಯಾಗುತ್ತದೆ. ಟ್ರಿಗರ್ ಎಳೆದಾಗ ಮದ್ದು ಉರಿದು ಗುಂಡು ಹೊರಡುತ್ತದೆ. ಆ ಮದ್ದಿನ ಬಿಸಿ ಅನಿಲದಲ್ಲಿ ಸ್ವಲ್ಪ ಭಾಗ ಸಣ್ಣ ಕೊಳವೆಯಲ್ಲಿ ಹಿಂದೆ ಬಂದು ಬೋಲ್ಟನ್ನು ಹಿಮ್ಮೆಟ್ಟಿಸುತ್ತದೆ. ಖಾಲಿ ತೋಟಾ ಹೊರಗೆ ಬೀಳುತ್ತದೆ. ಸ್ಪ್ರಿಂಗ್ ಬೋಲ್ಟನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಇಷ್ಟೂ ಕೆಲಸ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಇದರಲ್ಲಿ ಯಾವ ಹೆಜ್ಜೆ ತಪ್ಪಿದರೂ ರೈಫಲ್ ನಿಲ್ಲುತ್ತದೆ. ಅದನ್ನೇ ಜಾಮ್ ಎನ್ನುವುದು.

ಯಾರು ಬೇಕಾದರೂ ಮನೆಯಲ್ಲಿ ಬಂದೂಕು ಜೋಡಿಸಬಹುದೇ?

ಇದು ಅರ್ಧ ನಿಜ. ಎಆರ್-15ರ ಮೂಲ ಪೇಟೆಂಟ್‌ಗಳ ಅವಧಿ 1970ರ ದಶಕದಲ್ಲೇ ಮುಗಿಯಿತು. ಆಮೇಲೆ ಹತ್ತಾರು ಕಂಪನಿಗಳು ಒಂದಕ್ಕೊಂದು ಹೊಂದುವ ಬಿಡಿಭಾಗ ಮಾಡತೊಡಗಿದವು. ಕಂಪ್ಯೂಟರನ್ನು ಅಸೆಂಬಲ್ ಮಾಡಿದ ಹಾಗೆ ರೈಫಲ್ ಜೋಡಿಸುವುದು ಅಲ್ಲಿ ಹವ್ಯಾಸ ಆದದ್ದು ಹೀಗೆ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ, ಬಂದೂಕು ಇಟ್ಟುಕೊಳ್ಳಲು ಅರ್ಹತೆ ಇರುವ ವ್ಯಕ್ತಿ ಸ್ವಂತ ಬಳಕೆಗೆ ಒಂದನ್ನು ಜೋಡಿಸಿಕೊಳ್ಳಬಹುದು.

ಫಾರ್ವರ್ಡ್‌ಗಳು ಬಿಟ್ಟುಬಿಡುವ ಭಾಗ ಇದು: ಟ್ರಿಗರ್ ಕೂರುವ ಕೆಳಭಾಗದ ಚೌಕಟ್ಟನ್ನೇ ಕಾನೂನು ಬಂದೂಕು ಎಂದು ಪರಿಗಣಿಸುತ್ತದೆ. ಅದರ ಮೇಲೆ ಸೀರಿಯಲ್ ನಂಬರ್ ಇರುತ್ತದೆ. ಅಂಗಡಿಯಿಂದ ಕೊಳ್ಳುವಾಗ ಅರ್ಜಿ ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು. ಇದನ್ನು ತಪ್ಪಿಸಲು ಕೆಲವರು ಅರೆಬರೆ ತಯಾರಾದ, ನಂಬರ್ ಇಲ್ಲದ ಕಿಟ್‌ಗಳನ್ನು ಮಾರತೊಡಗಿದರು. ಅವುಗಳಿಂದ ಆದ ಬಂದೂಕುಗಳಿಗೆ ಗೋಸ್ಟ್ ಗನ್ ಎಂಬ ಹೆಸರು ಬಂತು. ಸುಲಭವಾಗಿ ಬಂದೂಕಾಗಬಲ್ಲ ಇಂಥ ಕಿಟ್‌ಗಳೂ ಬಂದೂಕೇ ಎಂದು 2022ರಲ್ಲಿ ಎಟಿಎಫ್ ನಿಯಮ ತಂದಿತು. 2025ರ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ನಿಯಮವನ್ನು ಎತ್ತಿಹಿಡಿಯಿತು. ಇದಲ್ಲದೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಂಥ ರಾಜ್ಯಗಳ ಕಾನೂನು ಇನ್ನೂ ಬಿಗಿ. ಒಂದು ರಾಜ್ಯದಲ್ಲಿ ಹವ್ಯಾಸ ಆದದ್ದು ಗಡಿ ದಾಟಿದರೆ ಅಪರಾಧ ಆಗಬಹುದು.

ನಮ್ಮಲ್ಲಿ ಹೇಗೆ? 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸುವುದು, ಮಾರುವುದು, ರಿಪೇರಿ ಮಾಡುವುದು ಮೂರೂ ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಜೈಲು. ಕೊಡಗಿನಲ್ಲಿ ಲೈಸೆನ್ಸೇ ಬೇಡ ಎಂಬ ಫಾರ್ವರ್ಡ್ ಕೂಡ ಪೂರ್ತಿ ನಿಜವಲ್ಲ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೆಲವು ಬಗೆಯ ಕೋವಿ ಇಟ್ಟುಕೊಳ್ಳಲು ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಅದು ಕೊಡಗಿನಲ್ಲಿ ಇರುವ ಎಲ್ಲರಿಗೂ ಅನ್ವಯಿಸುವುದಿಲ್ಲ. ಬಂದೂಕು ತಯಾರಿಸಲು ಕೊಟ್ಟ ಅನುಮತಿಯೂ ಅದಲ್ಲ.

ತಾನೇ ಕ್ಲೀನ್ ಆಗುವ ರೈಫಲ್: ಜೀವ ತೆಗೆದ ಒಂದು ಗಾಳಿಮಾತು

ವಾಟ್ಸಾಪ್ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಬಾಯಿಂದ ಬಾಯಿಗೆ ಫಾರ್ವರ್ಡ್ ಆದ ಸುದ್ದಿ ಇದು. 1960ರ ದಶಕದ ಮಧ್ಯದಲ್ಲಿ ಎಂ16 ರೈಫಲ್ ವಿಯೆಟ್ನಾಂ ಯುದ್ಧಕ್ಕೆ ಹೋಯಿತು. ಹೊಸ ತಂತ್ರಜ್ಞಾನ, ಇದನ್ನು ಕ್ಲೀನ್ ಮಾಡುವ ಅಗತ್ಯವೇ ಹೆಚ್ಚು ಇಲ್ಲ ಎಂಬ ನಂಬಿಕೆ ಸೇನೆಯೊಳಗೆ ಹಬ್ಬಿತು. ಅನೇಕ ಸೈನಿಕರಿಗೆ ಕ್ಲೀನಿಂಗ್ ಕಿಟ್ ಸಿಗಲೇ ಇಲ್ಲ, ಸರಿಯಾದ ತರಬೇತಿಯೂ ಸಿಗಲಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಬದಲಾವಣೆ ಆಗಿತ್ತು. ರೈಫಲ್ ವಿನ್ಯಾಸ ಮಾಡಿದಾಗ ಬಳಸಿದ ಮದ್ದು ಒಂದು, ಸೇನೆ ತೋಟಾಗಳಿಗೆ ತುಂಬಿಸಿದ ಮದ್ದು ಇನ್ನೊಂದು. ಹೊಸ ಮದ್ದು ಹೆಚ್ಚು ಮಸಿ ಬಿಡುತ್ತಿತ್ತು, ಬೋಲ್ಟನ್ನು ವಿನ್ಯಾಸಕ್ಕಿಂತ ಜೋರಾಗಿ ಓಡಿಸುತ್ತಿತ್ತು. ತೋಟಾ ಕೂರುವ ಜಾಗಕ್ಕೆ ಕ್ರೋಮ್ ಲೇಪನವೂ ಇರಲಿಲ್ಲ. ವಿಯೆಟ್ನಾಂನ ಮಳೆ, ತೇವಕ್ಕೆ ಅದು ತುಕ್ಕು ಹಿಡಿಯಿತು. ಖಾಲಿ ತೋಟಾ ಒಳಗೇ ಕಚ್ಚಿಕೊಂಡು ರೈಫಲ್ ನಿಂತುಬಿಡುತ್ತಿತ್ತು. ಗುಂಡಿನ ಕಾಳಗದ ನಡುವೆ ಸೈನಿಕರು ಉದ್ದ ಸರಳು ತೂರಿಸಿ ಅದನ್ನು ಹೊರದಬ್ಬಬೇಕಾಯಿತು. ಹಾಗೆ ಮಾಡುತ್ತಿರುವಾಗಲೇ ಜೀವ ಬಿಟ್ಟವರಿದ್ದಾರೆ.

1967ರಲ್ಲಿ ಅಮೆರಿಕ ಸಂಸತ್ತಿನ ಒಂದು ಉಪಸಮಿತಿ ತನಿಖೆ ನಡೆಸಿ ಮದ್ದು ಬದಲಿಸಿದ್ದನ್ನು ಕಟುವಾಗಿ ಟೀಕಿಸಿತು. ಕ್ರೋಮ್ ಲೇಪನ, ಕ್ಲೀನಿಂಗ್ ಕಿಟ್, ತರಬೇತಿ ಮೂರೂ ಬಂದ ಮೇಲೆ ಅದೇ ರೈಫಲ್ ನಂಬಿಕೆಗೆ ಅರ್ಹವಾಯಿತು. ವಿನ್ಯಾಸ ಬಹುಮಟ್ಟಿಗೆ ಅದೇ ಇತ್ತು. ಬದಲಾದದ್ದು ತೋಟಾ, ಲೇಪನ, ಮತ್ತು ಅದರ ಬಗ್ಗೆ ಜನ ನಂಬಿದ್ದ ಮಾತು.

ಜಾಮ್ ಆದಾಗ ನಿಜವಾಗಿ ಹುಡುಕುವುದು ಏನನ್ನು?

ಈ ಇತಿಹಾಸ ಗೊತ್ತಿರುವ ಅನುಭವಿಗಳು ಜಾಮ್ ಆದ ತಕ್ಷಣ ರೈಫಲನ್ನು ಬಯ್ಯುವುದಿಲ್ಲ, ಉಳಿ ಸುತ್ತಿಗೆ ಹಿಡಿಯುವುದೂ ಇಲ್ಲ. ಮೊದಲು ನೋಡುವುದು ಮೂರು ಸಾಮಾನ್ಯ ಕಾರಣ: ಮ್ಯಾಗಜೀನ್ ಕೆಟ್ಟಿದೆಯೇ, ತೋಟಾ ಸರಿಯಾದದ್ದೇ, ಮಸಿ ಕಟ್ಟಿ ಎಣ್ಣೆ ಒಣಗಿದೆಯೇ. ಬಹಳಷ್ಟು ತೊಂದರೆ ಇಲ್ಲೇ ಮುಗಿಯುತ್ತದೆ. ಇದನ್ನು ಮೀರಿದ್ದು ಗನ್‌ಸ್ಮಿತ್ ಕೆಲಸ.

ಆದರೆ ಎರಡು ಸಂದರ್ಭಗಳಲ್ಲಿ ಒಂದೇ ಕ್ಷಣದ ಗಮನ ಜೀವ ಉಳಿಸುತ್ತದೆ. ಮೊದಲನೆಯದು, ಟ್ರಿಗರ್ ಎಳೆದಾಗ ಢಂ ಎನ್ನುವ ಬದಲು ಟುಸ್ ಎಂಬ ಸಣ್ಣ ಸದ್ದು ಬರುವುದು. ಮದ್ದು ಕಡಿಮೆ ಇದ್ದ ತೋಟಾದಿಂದ ಹೊರಟ ಗುಂಡು ನಳಿಗೆಯ ಅರ್ಧದಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಗುಂಡು ಹಾರಿಸಿದರೆ ನಳಿಗೆಯೇ ಸಿಡಿಯುತ್ತದೆ. ಎರಡನೆಯದು, ಏನೂ ಸದ್ದೇ ಬಾರದಿರುವುದು. ಮದ್ದು ತಡವಾಗಿ ಹತ್ತಿಕೊಳ್ಳಬಹುದು. ಹಾಗಾಗಿ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು, ರೇಂಜಿನ ಉಸ್ತುವಾರಿಯನ್ನು ಕರೆಯಬೇಕು. ಏನಾಯಿತು ಎಂದು ನಳಿಗೆಯೊಳಗೆ ಇಣುಕಿ ನೋಡುವುದು ಅತಿ ದೊಡ್ಡ ತಪ್ಪು.

ಇನ್ನೊಂದು ಅಪಾಯವೂ ಇದೆ. .300 ಬ್ಲ್ಯಾಕ್‌ಔಟ್ ಎಂಬ ತೋಟಾ ಎಆರ್-15ರ ಮಾಮೂಲಿ ಮ್ಯಾಗಜೀನಿಗೇ ಹೊಂದುತ್ತದೆ, ಆದರೆ ಅದರ ಗುಂಡು ದಪ್ಪ. ಅದನ್ನು ಚಿಕ್ಕ ನಳಿಗೆಯ ರೈಫಲ್‌ನಲ್ಲಿ ಹಾರಿಸಿ ರೈಫಲ್ ಸಿಡಿದ ಘಟನೆಗಳು ನಡೆದಿವೆ. ಇದನ್ನು ತಡೆಯುವುದು ತೋಟಾದ ಮೇಲಿನ ಸಣ್ಣ ಅಕ್ಷರವನ್ನು ಓದುವ ತಾಳ್ಮೆ ಮಾತ್ರ.

ಸಣ್ಣ ಸದ್ದಿನ ವ್ಯತ್ಯಾಸ, ಸಣ್ಣ ಅಕ್ಷರ, ಅರ್ಧ ನಿಮಿಷದ ತಾಳ್ಮೆ. ಈ ಮೂರನ್ನು ನೆನಪಿಟ್ಟುಕೊಂಡು ಈಗ ಎರಡನೇ ಗುಂಡಿನ ಕಡೆ ಬರೋಣ.

ಕ್ರಾಫ್ಟ್ ಬಿಯರ್: ಯಾವುದು ರುಚಿ, ಯಾವುದು ಕಿಕ್?

ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳುವುದನ್ನು ಕಾನೂನುಬದ್ಧ ಮಾಡಿದ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದರು. ಅಡುಗೆಮನೆಯಲ್ಲಿ ಕಲಿತವರಲ್ಲಿ ಹಲವರು ಮುಂದೆ ಸಣ್ಣ ಬ್ರೂವರಿ ತೆರೆದರು. ಕ್ರಾಫ್ಟ್ ಬಿಯರ್ ಬೆಳೆದದ್ದು ಹೀಗೆ. ಬೆಂಗಳೂರಿನಲ್ಲೂ 2010ರ ಆಸುಪಾಸಿನಿಂದ ಮೈಕ್ರೊಬ್ರೂವರಿಗಳು ಬಂದವು. ಸಣ್ಣ ಗ್ಲಾಸುಗಳಲ್ಲಿ ನಾಲ್ಕೈದು ಬಗೆಯ ಬಿಯರ್ ಇಟ್ಟ ಟ್ರೇ ಈಗ ನಮ್ಮವರಿಗೂ ಪರಿಚಿತ.

ಇಲ್ಲಿ ಹಬ್ಬಿರುವ ತಪ್ಪು ನಂಬಿಕೆಗಳು ಇವು.

ಕಪ್ಪು ಬಿಯರ್ ಸ್ಟ್ರಾಂಗ್: ಅಲ್ಲ. ಕಪ್ಪು ಬಣ್ಣ ಬರುವುದು ಹುರಿದ ಧಾನ್ಯದಿಂದ. ಕಾಫಿ ಬೀಜ ಹುರಿದಷ್ಟೂ ಕಪ್ಪಾಗುವ ಹಾಗೆ. ಹೆಸರಾಂತ ಕಪ್ಪು ಬಿಯರ್ ಗಿನ್ನೆಸ್ ಡ್ರಾಫ್ಟ್‌ನಲ್ಲಿ ಆಲ್ಕೋಹಾಲ್ ಶೇ 4.2ರ ಆಸುಪಾಸು ಮಾತ್ರ. ಬಂಗಾರದ ಬಣ್ಣದ ಎಷ್ಟೋ ಬಿಯರ್‌ಗಳಲ್ಲಿ ಇದರ ಎರಡರಷ್ಟು ಇರುತ್ತದೆ.

ಕಹಿ ಹೆಚ್ಚಿದ್ದರೆ ಕಿಕ್ ಹೆಚ್ಚು: ಅಲ್ಲ. ಕಹಿ ಬರುವುದು ಹಾಪ್ಸ್ ಎಂಬ ಹೂವಿನಿಂದ. ಆಲ್ಕೋಹಾಲ್ ಬರುವುದು ಯೀಸ್ಟ್ ತಿಂದ ಸಕ್ಕರೆಯಿಂದ. ಎರಡಕ್ಕೂ ನೇರ ಸಂಬಂಧವಿಲ್ಲ.

ಟೇಸ್ಟಿಂಗ್ ಗ್ಲಾಸ್ ಚಿಕ್ಕದು, ಲೆಕ್ಕಕ್ಕಿಲ್ಲ: ಲೆಕ್ಕ ಹಾಕಿಯೇ ನೋಡಿ. 120 ಮಿಲಿಲೀಟರಿನ ನಾಲ್ಕು ಗ್ಲಾಸ್ ಅಂದರೆ 480 ಮಿಲಿ. ಶೇ 8ರ ಡಬಲ್ ಐಪಿಎ ಆದರೆ ಅದರಲ್ಲಿ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್. ಅಮೆರಿಕದ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 14 ಗ್ರಾಂ. ಹಾಗಾದರೆ ರುಚಿ ನೋಡಿದ್ದಷ್ಟೇ ಎಂದವರು ಎರಡು ಡ್ರಿಂಕ್ ದಾಟಿರುತ್ತಾರೆ.

ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನದಿಂದ ಇಳಿಯುತ್ತದೆ: ಇಲ್ಲ. ನಿದ್ದೆ ಹಾರಬಹುದು, ಆಲ್ಕೋಹಾಲ್ ಇಳಿಯುವುದಿಲ್ಲ. ಅದನ್ನು ಒಡೆಯುವುದು ಲಿವರ್. ಒಂದು ಡ್ರಿಂಕಿಗೆ ಅದಕ್ಕೆ ಹೆಚ್ಚುಕಡಿಮೆ ಒಂದು ಗಂಟೆ, ಕೆಲವರಿಗೆ ಅದಕ್ಕೂ ಹೆಚ್ಚು ಬೇಕು. ಅದನ್ನು ಬೇಗ ಮಾಡಿಸುವ ಮನೆಮದ್ದು ಇಲ್ಲ.

ಬಿಯರ್ ಮದ್ಯವೇ ಅಲ್ಲ: ಬಿಯರ್‌ನಲ್ಲೂ ವಿಸ್ಕಿಯಲ್ಲೂ ಇರುವುದು ಅದೇ ಎಥನಾಲ್. ಆರೋಗ್ಯದ ದೃಷ್ಟಿಯಿಂದ ಇಷ್ಟು ಕುಡಿದರೆ ಸುರಕ್ಷಿತ ಎಂಬ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು.

ಎರಡೂ ಒಟ್ಟಿಗೆ ಏಕೆ ಕೂಡದು?

ಒಂದೇ ಬಿಯರ್ ತಾನೆ, ಕೈ ನಡುಗುತ್ತಿಲ್ಲ ಎಂಬ ವಾದ ಸಾಮಾನ್ಯ. ತೊಂದರೆ ಇರುವುದೇ ಇಲ್ಲಿ. ಮದ್ಯ ಮೊದಲು ಕೆಡಿಸುವುದು ಕೈಯನ್ನಲ್ಲ, ವಿವೇಚನೆಯನ್ನು. ರಕ್ತದಲ್ಲಿ ಆಲ್ಕೋಹಾಲ್ ಶೇ 0.02 ಮುಟ್ಟಿದಾಗಲೇ ವಿವೇಚನೆ ಮತ್ತು ಎರಡು ಕೆಲಸದ ಮೇಲೆ ಒಟ್ಟಿಗೆ ಗಮನ ಇಡುವ ಶಕ್ತಿ ಕುಗ್ಗಲು ಶುರುವಾಗುತ್ತದೆ. ಭಾರತದಲ್ಲಿ ವಾಹನ ಓಡಿಸಲು ಇರುವ ಮಿತಿ ಶೇ 0.03. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಶೇ 0.08. ಅಂದರೆ ಪೊಲೀಸರ ಮಿತಿಗಿಂತ ಎಷ್ಟೋ ಕೆಳಗೇ ಗಮನ ಜಾರಿರುತ್ತದೆ. ಜಾರಿದೆ ಎಂದು ಗೊತ್ತು ಮಾಡಿಕೊಳ್ಳಬೇಕಾದದ್ದೂ ಅದೇ ಮಿದುಳು. ರೈಫಲ್ ಜಾಮ್ ಆದರೆ ನಿಂತು ತೋರಿಸುತ್ತದೆ, ಕುಡಿದವನ ವಿವೇಚನೆ ನಿಂತರೆ ಅವನಿಗೇ ತಿಳಿಯುವುದಿಲ್ಲ.

ಟುಸ್ ಎಂಬ ಸದ್ದನ್ನು ಗುರುತಿಸುವುದು, ತೋಟಾದ ಅಕ್ಷರ ಓದುವುದು, ಅರ್ಧ ನಿಮಿಷ ಕಾಯುವುದು: ಮೂರಕ್ಕೂ ಬೇಕಾದದ್ದು ಇದೇ ಗಮನ, ಇದೇ ತಾಳ್ಮೆ. ಆದ್ದರಿಂದಲೇ ಶೂಟಿಂಗ್ ರೇಂಜ್‌ಗಳಲ್ಲಿ ಬಂದೂಕಿಗೆ ಬೀಗ ಬಿದ್ದ ಮೇಲಷ್ಟೇ ಗ್ಲಾಸು ಎಂಬ ನಿಯಮ. ಇದರಲ್ಲಿ ಕ್ಲೀನಿಂಗ್ ಕೆಲಸವೂ ಸೇರಿದೆ. ಖಾಲಿ ಇದೆ ಎಂದುಕೊಂಡ ಬಂದೂಕನ್ನು ಕ್ಲೀನ್ ಮಾಡುವಾಗ ಗುಂಡು ಹಾರಿದ ಸುದ್ದಿಗಳನ್ನು ನಾವೂ ಓದಿದ್ದೇವೆ.

ಕ್ಲೀನಿಂಗ್ ಟೇಬಲ್ ಮೇಲೆ ಗ್ಲಾಸ್ ಇಡಬಾರದು ಎಂಬುದಕ್ಕೆ ಇನ್ನೊಂದು ಕಾರಣ ಸೀಸ. ಗುಂಡು ಮತ್ತು ಅದನ್ನು ಹೊತ್ತಿಸುವ ಪ್ರೈಮರ್‌ನಿಂದ ಸೀಸದ ದೂಳು ಕೈಗೆ, ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಅದೇ ಕೈಯಲ್ಲಿ ಬಿಯರ್ ಹಿಡಿದರೆ, ಕಡಲೆಬೀಜ ತಿಂದರೆ ಸೀಸ ಹೊಟ್ಟೆಗೆ ಹೋಗುತ್ತದೆ. ಮಕ್ಕಳಿಗಂತೂ ಇದು ಬಹಳ ಹಾನಿ. ಮೊದಲು ಸೋಪಿನಲ್ಲಿ ಕೈ, ಮುಖ ತೊಳೆಯಬೇಕು, ಆಮೇಲೆ ಊಟ, ನೀರು ಎಲ್ಲ.

ಇನ್ನೂ ಗಂಭೀರ ವಿಷಯ ಒಂದಿದೆ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ 48,830 ಜನ ಸತ್ತರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಮದ್ಯ ಮನಸ್ಸಿನ ಕಡಿವಾಣ ಸಡಿಲಿಸುತ್ತದೆ, ಬಂದೂಕು ಮರುಯೋಚನೆಗೆ ಸಮಯ ಕೊಡುವುದಿಲ್ಲ. ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿದ್ದರೆ ಬಂದೂಕನ್ನು ಅವರ ಕೈಗೆ ಸಿಗದಂತೆ ಇಡುವುದು ಜೀವ ಉಳಿಸುವ ಕೆಲಸ. ಭಾರತದಲ್ಲಿ ಇಂಥ ಹೊತ್ತಿಗೆ ಟೆಲಿ ಮನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೂ ಮಾತನಾಡಬಹುದು.

ಮದುವೆ, ಮೆರವಣಿಗೆಗಳಲ್ಲಿ ಗುಂಡು ಹಾಕಿ ಗುಂಡು ಹಾರಿಸುವವರಿಗೂ ಒಂದು ಮಾತು. ಸಂಭ್ರಮಕ್ಕೆಂದು ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2019ರಿಂದ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಅಮೆರಿಕದಲ್ಲಿರುವ ನಮ್ಮವರು ಓದಲೇಬೇಕಾದದ್ದು

ನಿಮ್ಮ ಮಗಳೋ ಅಳಿಯನೋ ತಮ್ಮನೋ ಅಲ್ಲಿ ಓದುತ್ತಿದ್ದರೆ, ಕೆಲಸದಲ್ಲಿದ್ದರೆ ಈ ಭಾಗವನ್ನು ಅವರಿಗೆ ಕಳಿಸಿ. ವಾರಾಂತ್ಯದಲ್ಲಿ ಗೆಳೆಯರು ಶೂಟಿಂಗ್ ರೇಂಜಿಗೆ, ಸಂಜೆ ಬ್ರೂವರಿಗೆ ಕರೆಯುವುದು ಅಲ್ಲಿ ಮಾಮೂಲು. ಎಲ್ಲರಿಗೂ ಬಂದೂಕು ಮುಕ್ತ ಎಂಬ ಫಾರ್ವರ್ಡ್ ನಂಬಿ ಹೊರಟವರಿಗೆ ಗೊತ್ತಿರಬೇಕಾದ ಸಂಗತಿ ಇದು: ಎಫ್-1 ವಿದ್ಯಾರ್ಥಿ ವೀಸಾ, ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು, ತೋಟಾ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಮಾನ್ಯವಾದ ಬೇಟೆ ಲೈಸೆನ್ಸ್ ಇರುವವರಿಗೆ ವಿನಾಯಿತಿ ಇದೆ. ಅಂಥ ವಿನಾಯಿತಿಗಳು ಕೆಲವೇ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ.

ರೇಂಜಿನಲ್ಲಿ ಬಾಡಿಗೆ ಬಂದೂಕು ಹಿಡಿದರೆ ಏನಾಗುತ್ತದೆ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಓದು ನಿಂತು ವೀಸಾ ಸ್ಥಿತಿ ಕಳೆದುಕೊಂಡಿದ್ದ ಒಬ್ಬ ವಿದೇಶಿ ವಿದ್ಯಾರ್ಥಿ ಫ್ಲಾರಿಡಾದ ರೇಂಜ್ ಒಂದರಲ್ಲಿ ಗುಂಡು ಹಾರಿಸಿದ್ದಕ್ಕೇ ಜೈಲು ಶಿಕ್ಷೆಗೆ ಗುರಿಯಾದರು. ಆ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತನ್ನ ವೀಸಾ ಸ್ಥಿತಿ ಆರೋಪಿಗೆ ತಿಳಿದಿತ್ತು ಎಂಬುದನ್ನೂ ಸರ್ಕಾರ ಸಾಬೀತು ಮಾಡಬೇಕು ಎಂದು 2019ರಲ್ಲಿ ಕೋರ್ಟ್ ಹೇಳಿತು. ನಿಷೇಧ ಮಾತ್ರ ಹಾಗೇ ಇದೆ. ಈಗ ಇದಕ್ಕೆ ಗರಿಷ್ಠ 15 ವರ್ಷ ಜೈಲು, ವೀಸಾ ರದ್ದಾಗುವ ಅಪಾಯ ಬೇರೆ. ರೇಂಜಿಗೆ ಹೋಗುವ ಮೊದಲು ವಲಸೆ ವಕೀಲರನ್ನು ಕೇಳಿ. ರೇಂಜಿನ ಕೌಂಟರಿನಲ್ಲಿ ಇರುವವರ ಭರವಸೆ ಸಾಲದು.

ಮುಂದಿನ ಫಾರ್ವರ್ಡ್ ಬಂದಾಗ

ಬಂದೂಕಿನ ವಿಡಿಯೊ ಬಂದರೆ ಮೊದಲು ಕೇಳಿಕೊಳ್ಳಿ: ಇದು ಯಾವ ದೇಶ, ಯಾವ ರಾಜ್ಯ, ಯಾವ ವರ್ಷ? ಒಂದು ಟ್ರಿಗರ್‌ಗೆ ಒಂದು ಗುಂಡೋ, ಸರಣಿಯೋ? ಬಂದೂಕು ಮಾಡುವ ವಿಧಾನ ತೋರಿಸುವ ವಿಡಿಯೊ ಆದರೆ ಮುಂದೆ ಕಳಿಸಬೇಡಿ, ಡಿಲೀಟ್ ಮಾಡಿ. ಬಿಯರ್ ಆರೋಗ್ಯಕ್ಕೆ ಒಳ್ಳೆಯದು ಎಂಬ ಸಂದೇಶ ಬಂದರೆ ಎಷ್ಟು ಮಿಲಿ, ಶೇಕಡ ಎಷ್ಟು, ಯಾರು ಹೇಳಿದ್ದು ಎಂದು ನೋಡಿ. ಎಂ16 ಕ್ಲೀನ್ ಮಾಡಬೇಕಿಲ್ಲ ಎಂದು ಹೇಳಿ ಮುಂದೆ ಸಾಗಿಸಿದವರಲ್ಲಿ ಕೆಟ್ಟ ಉದ್ದೇಶ ಇದ್ದವರು ಯಾರೂ ಇದ್ದಂತಿಲ್ಲ. ಕೇಳಿದ್ದನ್ನು ಹೇಳಿದ್ದರು, ಅಷ್ಟೇ. ಅದರ ಬೆಲೆ ಕೊಟ್ಟವರು ಮಾತ್ರ ಬೇರೆಯವರು.